ಓಡಿಸಿಕೊಂಡೇ ಬನ್ನಿ ಎಂದಿರಿ, ಬಂದೆವು

ನಿರ್ದೇಶಕರು,
ನವೀನ ವಾಹನ ಪ್ರೋತ್ಸಾಹ ಕೋಶ,
ದೆಹಲಿ

ಮಾನ್ಯರೇ,

ನಮ್ಮ ವ್ಯಾನನ್ನು ಇದೇ ಫೆಬ್ರವರಿ ಇಪ್ಪತ್ತೆಂಟರಂದು ಗುಜರಿ ಮಾಲಿನ ಜೊತೆ ಹರಾಜು ಹಾಕುತ್ತಾರೆಂದು ನೋಟೀಸು ಬಂದಿದೆ. ಹನ್ನೊಂದು ತಿಂಗಳ ಹಿಂದೆ ನಿಮ್ಮ ಮಾತು ನಂಬಿ, ನಿಮ್ಮದೇ ಪ್ರದರ್ಶನಕ್ಕೆ ನಾವು ಓಡಿಸಿಕೊಂಡು ಬಂದ ವ್ಯಾನು ಅದು. ನಿಮ್ಮದೇ ಗೇಟಿನಲ್ಲಿ, ನಿಮ್ಮ ಕಣ್ಣೆದುರಿಗೇ ಅದು ಜಪ್ತಿಯಾಯಿತು. ‘ಓಡಿಸಿಕೊಂಡು ಬರಲು ನಾನೇ ಹೇಳಿದ್ದೆ’ ಎಂಬ ಒಂದು ವಾಕ್ಯ ನಿಮ್ಮ ಬಾಯಿಂದ ಬಂದಿದ್ದರೆ ಅದು ಅಂದೇ ಮನೆಗೆ ಬರುತ್ತಿತ್ತು. ನೀವು ಆ ವಾಕ್ಯ ಹೇಳಲಿಲ್ಲ. ಅದಕ್ಕೆ ತದ್ವಿರುದ್ಧವಾದ ವಾಕ್ಯ ಹೇಳಿದಿರಿ. ನನ್ನ ದೂರು ಇಷ್ಟೇ. ಒಂದು ಪುಟದಲ್ಲಿ ಮುಗಿಯಬೇಕಾದ ದೂರು. ಆದರೆ ಹನ್ನೊಂದು ತಿಂಗಳು ನುಂಗಿಕೊಂಡದ್ದು ಒಂದು ಪುಟದಲ್ಲಿ ಹಿಡಿಯುವುದಿಲ್ಲ.

ಇದಕ್ಕೆ ಮೊದಲು ನಿಮಗೆ ಇಂಗ್ಲಿಷಿನಲ್ಲಿ ನಾಲ್ಕು, ಹಿಂದಿಯಲ್ಲಿ ಮೂರು ಪತ್ರ ಬರೆದಿದ್ದೇನೆ. ಒಂದಕ್ಕೂ ಉತ್ತರವಿಲ್ಲ. ಈಗ ಕನ್ನಡದಲ್ಲಿ ಬರೆದು ದೆಹಲಿ ಕನ್ನಡಿಗರ ಮಾಸಪತ್ರಿಕೆಗೆ ಕೊಡುತ್ತಿದ್ದೇನೆ. ಯಾಕೆಂದರೆ ನೀವು ನಮಗೆ ಮಾತು ಕೊಟ್ಟದ್ದು ಕನ್ನಡದಲ್ಲಿ. ನನ್ನ ಮನೆಮಾತು ಕೊಡವ ತಕ್ಕ್, ಕನ್ನಡ ನಾನು ಶಾಲೆಯಲ್ಲಿ ಕಲಿತದ್ದು. ಆದರೂ ದೆಹಲಿಯಲ್ಲಿ ವರ್ಷಗಟ್ಟಲೆ ಇದ್ದವನಿಗೆ ಎಲ್ಲಾದರೂ ಕನ್ನಡ ಕಿವಿಗೆ ಬಿದ್ದರೆ ಸಾಕು, ಆಡಿದವರು ನೆಂಟರಂತೆ ಕಾಣುತ್ತಾರೆ. ತರಕಾರಿ ಭಯ್ಯಾನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರರವರೆಗೆ ಎಲ್ಲರ ಹತ್ತಿರ ಅಳೆದು ತೂಗಿ ಮಾತಾಡುವ ನಾವು, ‘ನೀವು ಕನ್ನಡದವರಾ?’ ಎಂದು ಕೇಳಿದವರಿಗೆ ಮನೆಬಾಗಿಲನ್ನು ಪೂರ್ತಿ ತೆಗೆದುಬಿಡುತ್ತೇವೆ. ನೀವು ಆ ಬಾಗಿಲಿನಿಂದ ಒಳಗೆ ಬಂದಿರಿ.

ನನ್ನನ್ನು ನೀವು ಮರೆತಿರಬಹುದು. ದೊಡ್ಡ ಕುರ್ಚಿಯಲ್ಲಿ ಕೂತವರಿಗೆ ನೆನಪು ಕಡಿಮೆ, ಅದು ಕುರ್ಚಿಯ ಗುಣ. ನಾನು ಸೇನೆಯ ವರ್ಕ್‌ಶಾಪುಗಳಲ್ಲಿ ಇಪ್ಪತ್ತಾರು ವರ್ಷ ಇಂಜಿನು, ಜನರೇಟರು ರಿಪೇರಿ ಮಾಡಿ ಸೂಬೇದಾರನಾಗಿ ನಿವೃತ್ತನಾದವನು. ದ್ವಾರಕೆಯ ಒಂದು ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ ನಾನೂ ನನ್ನ ಹೆಂಡತಿ ಸರಸುವೂ ಇದ್ದೇವೆ. ಸರಸು ನನ್ನನ್ನು ಮದುವೆಯಾಗುವ ಮೊದಲೇ ಜೀಪು ಓಡಿಸುತ್ತಿದ್ದಳು. ಅಂಬಾಲ, ಜಬಲ್ಪುರ ಎಂದು ನನಗೆ ವರ್ಗವಾದಲ್ಲೆಲ್ಲ ಕಂಟೋನ್ಮೆಂಟಿನ ಹೆಂಗಸರಿಗೆ ಡ್ರೈವಿಂಗ್ ಕಲಿಸಿದವಳು ಅವಳು. 2003ರಲ್ಲಿ ಒಂದು ಮಧ್ಯಾಹ್ನ ಅವಳು ಬಸ್ಸಿನಿಂದ ಇಳಿಯುತ್ತಿದ್ದಾಗ, ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿದ್ದ ಹಾಗೆಯೇ, ಕಂಡಕ್ಟರು ‘ಚಲೋ ಚಲೋ’ ಎಂದು ಬಸ್ಸಿನ ಬದಿಗೆ ಬಡಿದ. ಎಡಗಾಲು ಎರಡು ಕಡೆ ಮುರಿಯಿತು. ಮೂಳೆ ಕೂಡಿಕೊಂಡಿತು, ನರ ಕೂಡಿಕೊಳ್ಳಲಿಲ್ಲ. ಕೋಲು ಹಿಡಿದು ಸೊಸೈಟಿಯೊಳಗೆ ನಡೆಯಬಲ್ಲಳು, ಆದರೆ ಕ್ಲಚ್ ಒತ್ತುವ ಬಲ ಆ ಕಾಲಿಗೆ ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಅವಳು ಅತ್ತಿದ್ದನ್ನು ನಾನು ನೋಡಿಲ್ಲ. ಡ್ರೈವಿಂಗ್ ಲೈಸೆನ್ಸನ್ನು ಪರ್ಸಿನಿಂದ ತೆಗೆದು ಕಪಾಟಿನ ಸೀರೆಗಳ ಕೆಳಗೆ ಇಟ್ಟದ್ದನ್ನು ನೋಡಿದ್ದೇನೆ. ಆಮೇಲೆ ಗೇಟಿನಾಚೆ ಹೋಗಬೇಕಾದರೆ ಅವಳಿಗೆ ಯಾರಾದರೂ ಬೇಕೇ ಬೇಕಾಯಿತು.

ಕ್ಲಚ್ ಇಲ್ಲದ ಕಾರು ಮಾರುಕಟ್ಟೆಯಲ್ಲಿ ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಇತ್ತು. ಸೂಬೇದಾರನ ಪೆನ್ಷನ್ನಿಗೆ ಎಟುಕುವ ಎತ್ತರದಲ್ಲಿ ಇರಲಿಲ್ಲ. ಹಾಗಾಗಿ ನಾನೇ ಮಾಡುತ್ತೇನೆ ಎಂದು ಹೊರಟೆ. ನಮ್ಮ ಹಳೆಯ ಮಾರುತಿ ವ್ಯಾನಿನ ಪೆಟ್ರೋಲ್ ಇಂಜಿನನ್ನು ಇಳಿಸಿದೆ. ಓಖ್ಲಾದಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಗಾರ್ಮೆಂಟ್ ಘಟಕದಿಂದ ಏಳೂವರೆ ಅಶ್ವಶಕ್ತಿಯ ತ್ರೀ ಫೇಸ್ ಎಸಿ ಮೋಟಾರು ತಂದೆ. ಬಟ್ಟೆ ತೊಳೆಯುವ ಯಂತ್ರ ತಿರುಗಿಸುತ್ತಿದ್ದ ಮೋಟಾರು ಅದು. ನಾನೂರು ವೋಲ್ಟಿಗೆ ಸುತ್ತಿದ್ದ ಅದರ ತಂತಿಯನ್ನು ಬಿಚ್ಚಿಸಿ, ಘಾಜಿಯಾಬಾದಿನ ಒಬ್ಬ ವೈಂಡಿಂಗ್ ಮಿಸ್ತ್ರಿಯ ಪಕ್ಕ ಮೂರು ದಿನ ಕೂತು, ದಪ್ಪ ತಂತಿಯಲ್ಲಿ ನೂರು ವೋಲ್ಟಿನ ಆಸುಪಾಸಿಗೆ ಸುತ್ತಿಸಿಕೊಂಡೆ. ಹಿಂದಿನ ಸೀಟು ತೆಗೆದು ಹನ್ನೆರಡು ಲಾರಿ ಬ್ಯಾಟರಿ ಸಾಲಾಗಿ ಕೂರಿಸಿದೆ. ವ್ಯಾನಿನ ಸ್ಪ್ರಿಂಗು ಬೆನ್ನು ಬಗ್ಗಿಸಿತು. ಅದಕ್ಕೂ ಎರಡು ಪಟ್ಟಿ ಹೆಚ್ಚಿಗೆ ಹಾಕಿದೆ.

ಬ್ಯಾಟರಿಯಿಂದ ಬರುವುದು ಒಂದೇ ದಿಕ್ಕಿಗೆ ಹರಿಯುವ ಡಿಸಿ. ಮೋಟಾರಿಗೆ ಬೇಕಾದದ್ದು ಹಿಂದಕ್ಕೂ ಮುಂದಕ್ಕೂ ತೂಗುವ ಎಸಿ. ನಡುವೆ ಇವೆರಡನ್ನು ಹೊಂದಿಸುವ ಒಂದು ನಿಯಂತ್ರಕ ಬೇಕು. ನಿಜವಾದ ಕೆಲಸ ಇರುವುದು ಅಲ್ಲಿ. ನಿಮಗೆ ಇದನ್ನು ಮತ್ತೆ ಹೇಳಬೇಕಿಲ್ಲ, ನಮ್ಮ ಸೋಫಾದಲ್ಲಿ ಕೂತು ನೀವೇ ಬರೆದುಕೊಂಡಿದ್ದೀರಿ. ಓದುಗರಿಗಾಗಿ ಹೇಳುತ್ತೇನೆ. ಪೆರೇಡಿನಲ್ಲಿ ಡೋಲು ಬಾರಿಸುವವನನ್ನು ನೆನಪಿಸಿಕೊಳ್ಳಿ. ಪೆಟ್ಟು ನಿಧಾನವಾದರೆ ನಡಿಗೆ ನಿಧಾನ, ಪೆಟ್ಟು ಚುರುಕಾದರೆ ನಡಿಗೆ ಚುರುಕು. ಎಸಿ ಮೋಟಾರು ಆ ದಳದಂತೆ. ಡೋಲಿನ ಪೆಟ್ಟಿಗೆ ಆವರ್ತನ ಎಂದು ಹೆಸರು. ಸೆಕೆಂಡಿಗೆ ಐವತ್ತು ಪೆಟ್ಟು ಕೊಟ್ಟರೆ ಪೂರ್ತಿ ವೇಗ, ಐದು ಕೊಟ್ಟರೆ ತೆವಳುವ ವೇಗ. ಪೆಟ್ಟು ನಿಧಾನವಾದಾಗ ವೋಲ್ಟೇಜನ್ನೂ ಇಳಿಸಬೇಕು, ಇಲ್ಲದಿದ್ದರೆ ಸುತ್ತಿದ ತಂತಿ ಕಾದು ಹೊಗೆಯೇಳುತ್ತದೆ. ತೀರಾ ಇಳಿಸಿದರೆ ಮೋಟಾರು ನಿಂತಲ್ಲೇ ಮುಲುಕುತ್ತದೆ, ವ್ಯಾನು ಕದಲುವುದಿಲ್ಲ. ಎಷ್ಟು ಪೆಟ್ಟಿಗೆ ಎಷ್ಟು ವೋಲ್ಟು ಎಂಬುದನ್ನು ಒಂದೊಂದಾಗಿ ಅಳೆದು ನಾನು ಒಂದು ನೋಟುಪುಸ್ತಕದಲ್ಲಿ ಬರೆಯುತ್ತಾ ಹೋದೆ. ಹದಿನಾಲ್ಕು ತಿಂಗಳು ಹಿಡಿಯಿತು.

ನಿಯಂತ್ರಕದ ಒಳಗಿನ ಚಿಪ್ಪಿಗೆ ಪ್ರೋಗ್ರಾಂ ಬರೆದು ಬುದ್ಧಿ ತುಂಬಿದವಳು ಹರಿಣಿ. ಮೂರನೇ ಮಹಡಿಯ ದಕ್ಷಿಣಾಮೂರ್ತಿಗಳ ಮಗಳು, ಎಲೆಕ್ಟ್ರಾನಿಕ್ಸ್ ಓದುತ್ತಿದ್ದಳು. ದೆಹಲಿಯಲ್ಲಿ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಹಿಂದಿಯಲ್ಲಿ ಮುಗಿಸುತ್ತಾಳೆ. ಎರಡೆರಡರ ಜೋಡಿಯಾಗಿರುವ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಸರದಿಯಲ್ಲಿ ಆನ್ ಆಫ್ ಆಗಬೇಕು. ಒಂದು ಜೋಡಿಯ ಮೇಲಿನದೂ ಕೆಳಗಿನದೂ ಅರೆಗಳಿಗೆ ಒಟ್ಟಿಗೆ ಆನ್ ಆದರೆ ಬ್ಯಾಟರಿಯ ಅಷ್ಟೂ ಶಕ್ತಿ ನೇರವಾಗಿ ನುಗ್ಗಿ ಅವು ಸಿಡಿದುಹೋಗುತ್ತವೆ. ಸಿಡಿದವು ಕೂಡ. ಪ್ರತಿ ಸಲ ನಾನು ಲಜಪತ್ ರಾಯ್ ಮಾರ್ಕೆಟ್ಟಿಗೆ ಹೋಗಿ ಹೊಸದು ತರುತ್ತಿದ್ದೆ. ಅಂಗಡಿಯವನು ನನ್ನ ಮುಖ ಕಂಡೊಡನೆ ಡಬ್ಬಿ ತೆಗೆದಿಡುವಷ್ಟು ಪರಿಚಯವಾಯಿತು. ‘ಅಂಕಲ್, ಎರಡರ ಮಧ್ಯೆ ಇನ್ನೂ ಸ್ವಲ್ಪ ಗ್ಯಾಪ್ ಬೇಕು, ವರ್ನಾ ಫಿರ್ ಸೇ ಉಡ್ ಜಾಯೇಗಾ’ ಎನ್ನುತ್ತಿದ್ದಳು ಹರಿಣಿ, ಇಲ್ಲದಿದ್ದರೆ ಮತ್ತೆ ಸಿಡಿಯುತ್ತದೆ ಎಂದು. ಆ ಗ್ಯಾಪನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತಾ ಹೋದೆವು. ಹನ್ನೊಂದನೆಯ ಸಲ ಏನೂ ಸಿಡಿಯಲಿಲ್ಲ.

ಸರಸು ಮೊದಲ ಸಲ ಓಡಿಸಿದ ದಿನ ಒಂದು ತೊಂದರೆ ಕಂಡಿತು. ವ್ಯಾನು ಹೊರಡುವಾಗ ಮೈ ಹಿಂದಕ್ಕೆ ವಾಲುತ್ತದೆ, ನಾವು ನಮಗೆ ಗೊತ್ತಿಲ್ಲದೆ ಎಡಗಾಲು ಊರಿ ಸಾವರಿಸಿಕೊಳ್ಳುತ್ತೇವೆ. ಅವಳಿಗೆ ಊರಲು ಆ ಕಾಲಿಲ್ಲ. ‘ನಾನು ನೆಟ್ಟಗೆ ಕೂತ್ಕೊಳ್ಳೋವರೆಗೆ ಅದು ನನಗಾಗಿ ಸ್ವಲ್ಪ ಕಾಯ್ಬೇಕು’ ಎಂದಳು. ಸರಿ, ಕಾಯಿಸಿದೆವು. ಪೆಡಲು ಎಷ್ಟೇ ಒತ್ತಿದರೂ ಸೆಕೆಂಡಿಗೆ ಆರು ಪೆಟ್ಟಿನಲ್ಲಿ ಮೋಟಾರು ಒಂದೂವರೆ ಸೆಕೆಂಡು ತಡೆದು, ಆಮೇಲೆ ಮುಂದಕ್ಕೆ ಹೋಗುವಂತೆ ಹರಿಣಿ ಬರೆದಳು. ನೋಟುಪುಸ್ತಕದ ಕೋಷ್ಟಕದಲ್ಲಿ ಆ ಸಾಲಿನ ಪಕ್ಕ ನಾನು ಕೆಂಪು ಪೆನ್ನಿನಲ್ಲಿ ‘ಸ’ ಎಂದು ಗುರುತು ಹಾಕಿದೆ. ಸರಸುವಿನ ಸ. ಮೋಟಾರಿನ ಲೆಕ್ಕದಲ್ಲಿ ಆ ತಡೆಗೆ ಯಾವ ಅರ್ಥವೂ ಇಲ್ಲ. ಈ ಗುರುತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

2007ರ ಫೆಬ್ರವರಿಯಲ್ಲಿ ನಿಮ್ಮ ಕೋಶದ ಜಾಹೀರಾತು ಪತ್ರಿಕೆಯಲ್ಲಿ ಬಂತು. ಮನೆಯಲ್ಲೇ ಹೊಸ ಬಗೆಯ ವಾಹನ ಮಾಡಿದ ನಾಗರಿಕರು ಮುಂದೆ ಬರಬೇಕು, ಸರ್ಕಾರ ಬೆನ್ನಿಗಿದೆ ಎಂದಿತ್ತು. ಅದಕ್ಕೆ ಮೊದಲು ನಾನು ವಾಹನ ನೋಂದಣಿ ಕಚೇರಿಗೆ ಎರಡು ಸಲ ಹೋಗಿ ಬಂದಿದ್ದೆ. ಮಾರ್ಪಾಡಿಗೆ ಒಪ್ಪಿಗೆ ಬೇಡಿದರೆ ಅವರು ಫಾರಂ ತೋರಿಸಿದರು. ಇಂಧನದ ಕಾಲಮ್ಮಿನಲ್ಲಿ ಪೆಟ್ರೋಲ್, ಡೀಸೆಲ್, ಗ್ಯಾಸು ಬಿಟ್ಟರೆ ಬೇರೆ ಇರಲಿಲ್ಲ. ಇಲ್ಲದ ಕಾಲಮ್ಮಿನಲ್ಲಿ ಗುರುತು ಹಾಕುವುದು ಹೇಗೆ? ಹೀಗಾಗಿ ನಿಮಗೆ ಬರೆದೆ, ಕಾಲಮ್ಮಿನ ವಿಷಯವನ್ನೂ ಮುಚ್ಚಿಡದೆ ಬರೆದೆ. ಮುಂದಿನ ಭಾನುವಾರವೇ ನೀವು ಬಂದಿರಿ. ಬಾಗಿಲಲ್ಲಿ ನಿಂತು ‘ಮಾಚಯ್ಯನವರ ಮನೆ ಇದೇ ಅಲ್ವಾ?’ ಎಂದು ಕನ್ನಡದಲ್ಲಿ ಕೇಳಿದಿರಿ. ಸರಸು ಅಡುಗೆಮನೆಯಿಂದ ಕೋಲೂ ಹಿಡಿಯದೆ ಬಂದುಬಿಟ್ಟಳು.

ಮೂರು ಭಾನುವಾರ ಬಂದಿರಿ. ಕಡಂಬುಟ್ಟು ತಿಂದಿರಿ, ಅಣಬೆ ಸಾರನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಿರಿ. ಅನ್ನದ ಋಣ ಎತ್ತಿ ಆಡಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ, ನಾನು ಆಡುತ್ತಿದ್ದೇನೆ, ಅವರು ಕ್ಷಮಿಸಲಿ. ಸರಸು ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೊಸೈಟಿಯ ಸುತ್ತ ನಾಲ್ಕು ಸುತ್ತು ಹೊಡೆದಳು. ‘ಅಮ್ಮಾ, ನೀರಿನ ಮೇಲೆ ಹೋದ ಹಾಗಿದೆ’ ಎಂದಿರಿ. ಡಿಸಿ ಮೋಟಾರು ಸುಲಭವಲ್ಲವೇ, ಎಸಿ ಯಾಕೆ ಎಂದು ಕೇಳಿದಿರಿ. ಎಸಿಯಲ್ಲಿ ಸವೆಯುವ ಬ್ರಷ್ ಇಲ್ಲ, ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತದೆ, ಕಲಿತರೆ ಯಾವ ಮೂಲೆಯ ಮಿಸ್ತ್ರಿಯೂ ಮಾಡಬಹುದು ಎಂದು ನಾನು ಹೇಳಿದ್ದನ್ನು ಬರೆದುಕೊಂಡಿರಿ. ಎರಡನೆಯ ಭಾನುವಾರ ನೋಟುಪುಸ್ತಕವನ್ನು ಎರಡು ದಿನಕ್ಕೆಂದು ಒಯ್ದಿರಿ. ಮೇಲಿನವರಿಗೆ ತೋರಿಸಬೇಕು ಎಂದಿರಿ. ಆ ಎರಡು ದಿನ ಇನ್ನೂ ಮುಗಿದಿಲ್ಲ.

ಮೂರನೆಯ ಭಾನುವಾರ, ಅಂದರೆ ಮಾರ್ಚ್ ಹದಿನೆಂಟರಂದು, ನಾನು ಮುಖ್ಯವಾದ ಪ್ರಶ್ನೆ ಕೇಳಿದೆ. ನೋಂದಣಿ ಪುಸ್ತಕದಲ್ಲಿ ಇನ್ನೂ ಪೆಟ್ರೋಲ್ ಎಂದಿದೆ. ಶನಿವಾರ ನೀವು ಕರೆದಿದ್ದ ಕೋಶದ ಪ್ರದರ್ಶನಕ್ಕೆ ವ್ಯಾನನ್ನು ಟ್ರಕ್ಕಿನ ಮೇಲೆ ತರಲೇ ಎಂದು. ನಿಮ್ಮ ಉತ್ತರ ನನಗೆ ಅಕ್ಷರ ಅಕ್ಷರ ನೆನಪಿದೆ. ‘ಟ್ರಕ್ಕಲ್ಲಿ ತಂದ್ರೆ ಏನು ಸ್ವಾರಸ್ಯ? ಓಡಿಸಿಕೊಂಡೇ ಬನ್ನಿ. ಅಮ್ಮನೇ ಓಡಿಸ್ಲಿ. ಒಂದು ದಿನದ ಪರ್ಮಿಟ್ಟು ನಾನು ಮಾಡಿಸಿ ಗೇಟಿನಲ್ಲಿ ಕೈಗೆ ಕೊಡ್ತೀನಿ. ಉಳಿದದ್ದು ನನಗೆ ಬಿಡಿ.’ ಸರಸು ಒಳಗೆ ಹೋಗಿ ಸೀರೆಗಳ ಕೆಳಗಿಂದ ಲೈಸೆನ್ಸು ತೆಗೆದು ತಂದು ನಿಮಗೆ ತೋರಿಸಿದಳು. ನೀವು ಅದನ್ನು ನೋಡಿ ನಕ್ಕು, ಫೋಟೋದಲ್ಲಿ ಎಷ್ಟು ಚಿಕ್ಕವರಾಗಿದ್ದೀರಿ ಎಂದಿರಿ.

ಅಂದು ಸಂಜೆ ದಕ್ಷಿಣಾಮೂರ್ತಿಗಳು ಕೆಳಗಿಳಿದು ಬಂದರು. ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಹಾಲಿನವನಿಗೆ ನಾಳೆ ಬೇಡ ಎನ್ನುವುದನ್ನೂ ಚೀಟಿಯಲ್ಲಿ ಬರೆದು ತಾರೀಕು ಹಾಕುವ ಮನುಷ್ಯ. ನಾವೆಲ್ಲ ಅವರನ್ನು ಅದಕ್ಕಾಗಿ ಗೇಲಿ ಮಾಡುತ್ತಿದ್ದೆವು. ‘ಮಾಚಯ್ಯನೋರೇ, ಮೂವತ್ತನಾಲ್ಕು ವರ್ಷ ಫೈಲು ಎತ್ತಿಟ್ಟವನು ಹೇಳ್ತಿದೀನಿ, ಒಂದು ಸಾಲು ಬರೆಸ್ಕೊಳ್ಳಿ. ಬರೀದೆ ಇದ್ದಿದ್ದನ್ನ ಯಾರೂ ಹೇಳಿರೋದೇ ಇಲ್ಲ’ ಎಂದರು. ನಾನು ನಕ್ಕೆ. ‘ನಮ್ಮಲ್ಲಿ ಸಾಹೇಬ್ರು ಬಾಯಲ್ಲಿ ಹೇಳಿದ್ರೇ ಆರ್ಡರ್, ಸ್ವಾಮಿ. ಬರೆದು ಕೊಡಿ ಅಂದ್ರೆ ಅವ್ರನ್ನ ನಂಬಿಲ್ಲ ಅಂತ ಆಗುತ್ತೆ’ ಎಂದೆ. ತಪ್ಪು ನನ್ನದು, ಒಪ್ಪುತ್ತೇನೆ. ಇಪ್ಪತ್ತಾರು ವರ್ಷ ನಾನಿದ್ದ ಕಡೆ, ‘ಹೋಗು’ ಎಂದವನು ‘ನಾನು ಹೋಗು ಎನ್ನಲಿಲ್ಲ’ ಎಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಲ್ಲಿ ಬೈಗುಳ ತಿಂದಿದ್ದೇನೆ, ಶಿಕ್ಷೆ ತಿಂದಿದ್ದೇನೆ, ಈ ಒಂದನ್ನು ತಿಂದಿರಲಿಲ್ಲ.

ಮಾರ್ಚ್ ಇಪ್ಪತ್ತನಾಲ್ಕು, ಶನಿವಾರ. ಸರಸು ಬೆಳಿಗ್ಗೆ ದೀಪ ಹಚ್ಚಿ, ಸ್ಟಿಯರಿಂಗಿನ ಮುಂದೆ ನಾಲ್ಕು ಅಕ್ಕಿಕಾಳು ಇಟ್ಟಳು. ನಾಲ್ಕು ವರ್ಷದ ನಂತರ ಅವಳು ಸೊಸೈಟಿಯ ಗೇಟನ್ನು ತಾನೇ ಓಡಿಸಿಕೊಂಡು ದಾಟಿದಳು. ದಾರಿಯುದ್ದಕ್ಕೂ ನನ್ನನ್ನು ಮಾತಾಡಗೊಡಲಿಲ್ಲ, ರಸ್ತೆ ನೋಡಬೇಕು ಸುಮ್ಮನಿರಿ ಎಂದಳು. ಧೌಲಾ ಕುವಾಂದ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಕಿಟಕಿಗೆ ಬಾಗಿ, ಗಾಡಿ ಸದ್ದೇ ಮಾಡುತ್ತಿಲ್ಲ, ಆಫ್ ಆಗಿದೆಯೇ ಎಂದು ಕೇಳಿದ. ಸಿಗ್ನಲ್ ಬಿಟ್ಟಿತು. ವ್ಯಾನು ಅವಳಿಗಾಗಿ ಒಂದೂವರೆ ಸೆಕೆಂಡು ಕಾಯಿತು, ಆಮೇಲೆ ಹೊರಟಿತು. ಅವಳು ಆಟೋದವನತ್ತ ತಿರುಗಿ ನಕ್ಕದ್ದನ್ನು ನಾನು ನೋಡಿದೆ. ನಾನು ಬಿಚ್ಚಿ ಜೋಡಿಸಿದ ಯಾವ ಇಂಜಿನೂ ನನಗೆ ಅಂಥ ಸಂತೋಷ ಕೊಟ್ಟಿಲ್ಲ.

ಪ್ರದರ್ಶನದ ಮೈದಾನದಲ್ಲಿ ನೀವು ನಮ್ಮನ್ನು ಕಂಡು ಕೈ ಬೀಸಿದಿರಿ. ಪರ್ಮಿಟ್ಟು ಕೇಳಿದೆ. ಬರುತ್ತಿದೆ, ಆಮೇಲೆ ಕೊಡುತ್ತೇನೆ ಎಂದಿರಿ. ವ್ಯಾನಿನ ಮುಂದೆ ಇಟ್ಟ ಫಲಕದಲ್ಲಿ ನಿಮ್ಮ ಕೋಶದ ಹೆಸರಿತ್ತು, ನಮ್ಮದು ಇರಲಿಲ್ಲ. ಅಚ್ಚು ಹಾಕುವಾಗ ಬಿಟ್ಟುಹೋಗಿದೆ ಎಂದಿರಿ. ಮಂತ್ರಿಗಳು ಬಂದರು, ಕ್ಯಾಮೆರಾಗಳು ಬಂದವು. ‘ನಮ್ಮ ಕೋಶದ ಮಾದರಿ’ ಎಂದು ನೀವು ವಿವರಿಸುವಾಗ ನಾವು ಎರಡು ಹೆಜ್ಜೆ ಹಿಂದೆ ನಿಂತಿದ್ದೆವು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರು ನಮ್ಮ ಕೈಗೆ, ಮೊಸರು ನಿಮ್ಮ ಬಾಯಿಗೆ ಎಂದು ಗಾದೆಯಲ್ಲಿ ಹೇಳಿರಲಿಲ್ಲ. ಅದಕ್ಕೂ ನಾನು ಬೇಸರ ಮಾಡಿಕೊಳ್ಳಲಿಲ್ಲ. ಹೆಸರು ನಿಮಗಿರಲಿ, ನನಗೆ ಒಂದು ನೋಂದಣಿ ಸಿಕ್ಕರೆ ಸಾಕು ಎಂದುಕೊಂಡೆ.

ಸಂಜೆ ಐದೂವರೆಗೆ ಹೊರಟೆವು. ಗೇಟಿನ ಹತ್ತಿರ ಸರಸು ವ್ಯಾನು ನಿಲ್ಲಿಸಿ ಮತ್ತೆ ಎತ್ತಿದಳು, ಅದು ಎಂದಿನಂತೆ ಕಾಯಿತು, ಹಿಂದಿನ ಕಾರುಗಳು ಹಾರ್ನು ಬಾರಿಸಿದವು. ರಸ್ತೆಯಲ್ಲಿ ತಪಾಸಣೆಗೆ ನಿಂತಿದ್ದ ಇನ್ಸ್‌ಪೆಕ್ಟರು ತಿರುಗಿ ನೋಡಿದರು. ಕಾಗದ ಕೇಳಿದರು, ಇಂಜಿನ್ ನಂಬರು ಎಲ್ಲಿದೆ ಎಂದು ಕೇಳಿದರು. ಇಂಜಿನೇ ಇಲ್ಲದ ಮೇಲೆ ನಂಬರು ಎಲ್ಲಿಂದ ಬರಬೇಕು? ಅವರು ತಮ್ಮ ಕೆಲಸ ಮಾಡುತ್ತಿದ್ದರು, ಅವರ ಮೇಲೆ ನನಗೆ ಕೋಪವಿಲ್ಲ. ನೀವು ಇಪ್ಪತ್ತು ಹೆಜ್ಜೆ ದೂರದಲ್ಲಿ ಟೀ ಕುಡಿಯುತ್ತಾ ನಿಂತಿದ್ದಿರಿ. ನಾನು ಓಡಿ ಬಂದು ಕರೆದೆ. ನೀವು ಬಂದಿರಿ. ಇನ್ಸ್‌ಪೆಕ್ಟರು ನಿಮ್ಮನ್ನು ನೇರವಾಗಿ ಕೇಳಿದರು, ಈ ಗಾಡಿಯನ್ನು ರಸ್ತೆಯಲ್ಲಿ ಓಡಿಸಿ ತರಲು ನೀವು ಹೇಳಿದ್ದಿರಾ ಎಂದು. ನೀವು ಹಿಂದಿಯಲ್ಲಿ ಉತ್ತರ ಕೊಟ್ಟಿರಿ: ‘ಮೈನೇ ಐಸಾ ಕುಛ್ ನಹೀ ಕಹಾ.’ ನಾನು ಅಂಥದ್ದೇನೂ ಹೇಳಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ‘ಸಾರಿ, ಮಿಸ್ಟರ್ ಮಾಚಯ್ಯ’ ಎಂದಿರಿ. ಮೂರು ಭಾನುವಾರ ನಮ್ಮ ಮನೆಯಲ್ಲಿ ಆಡಿದ ಭಾಷೆಯಲ್ಲಿ ಒಂದು ಮಾತು ಬರಲಿಲ್ಲ. ಆ ಭಾಷೆಯಲ್ಲಿ ಸುಳ್ಳು ಹೇಳಲು ನಿಮಗೂ ನಾಚಿಕೆಯಾಯಿತೇ?

ಕ್ರೇನು ಬಂತು. ಕೆಳಗಿಳಿಯಿರಿ ಎಂದರು. ಸರಸು ಸ್ಟಿಯರಿಂಗು ಬಿಟ್ಟು, ಕೋಲು ಹುಡುಕಿ, ಅಷ್ಟು ಜನರ ಮುಂದೆ ನಿಧಾನವಾಗಿ ಇಳಿದಳು. ಕೀಲಿಕೈಯನ್ನು ಅಭ್ಯಾಸಬಲದಿಂದ ಪರ್ಸಿಗೆ ಹಾಕಿಕೊಂಡಳು. ಕ್ರೇನು ಮುಂಭಾಗ ಎತ್ತಿ ಎಳೆದುಕೊಂಡು ಹೋಗುವಾಗ ಕೀಲಿ ಯಾರಿಗೂ ಬೇಕಾಗಲಿಲ್ಲ. ನಾವು ಆಟೋದಲ್ಲಿ ಮನೆಗೆ ಬಂದೆವು. ದ್ವಾರಕೆ ಬರುವವರೆಗೆ ಅವಳು ಒಂದೇ ಮಾತು ಆಡಿದಳು: ಗೇಟಿನಲ್ಲಿ ಬೇಗ ಎತ್ತಬೇಕಿತ್ತು. ಅವತ್ತಿನಿಂದ ಅವಳು ಸೊಸೈಟಿಯ ಗೇಟು ದಾಟಿಲ್ಲ. ಔಷಧಿಯನ್ನೂ ನಾನೇ ತರುತ್ತೇನೆ.

ನಿಮ್ಮಿಂದ ಉತ್ತರ ಬರದಿದ್ದಾಗ ದಕ್ಷಿಣಾಮೂರ್ತಿಗಳು ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟರು. ‘ನಾನು ಹೇಳಲಿಲ್ಲವೇ’ ಎಂದು ಅವರು ಒಮ್ಮೆಯೂ ಅನ್ನಲಿಲ್ಲ; ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ನವೆಂಬರಿನಲ್ಲಿ ನಿಮ್ಮ ಕಡತದ ನಕಲು ಬಂತು. ಅದರಲ್ಲಿ ಮಾರ್ಚ್ ಇಪ್ಪತ್ತರ ತಾರೀಕಿನ ನಿಮ್ಮ ಟಿಪ್ಪಣಿ ಇದೆ, ನಿಮ್ಮ ಸಹಿ ಇದೆ. ಅದರ ಸಾರ ಇದು: ‘ಭಾಗವಹಿಸುವವರು ತಮ್ಮ ವಾಹನಗಳನ್ನು ಟ್ರಕ್ಕಿನ ಮೇಲೆಯೇ ತರತಕ್ಕದ್ದೆಂದು ಎಲ್ಲರಿಗೂ ಮೌಖಿಕವಾಗಿ ತಿಳಿಸಲಾಗಿದೆ. ರಸ್ತೆಯಲ್ಲಿ ಓಡಿಸಿದರೆ ಕೋಶ ಹೊಣೆಯಲ್ಲ.’

ಮಾನ್ಯರೇ, ಈ ಟಿಪ್ಪಣಿ ಓದುವವರೆಗೆ ನಾನು ನಿಮ್ಮನ್ನು ಹೇಡಿ ಎಂದುಕೊಂಡಿದ್ದೆ. ಇನ್ಸ್‌ಪೆಕ್ಟರರನ್ನು ಕಂಡು, ಕ್ಯಾಮೆರಾ ಕಂಡು, ಆ ಗಳಿಗೆಗೆ ಹೆದರಿ ನಾಲಿಗೆ ತಿರುಗಿಸಿದಿರಿ ಎಂದುಕೊಂಡಿದ್ದೆ. ಹೇಡಿಯನ್ನು ಕ್ಷಮಿಸಬಹುದು, ಸೈನ್ಯದಲ್ಲಿ ಎಷ್ಟೋ ಹೆದರಿದವರ ಹೆಗಲ ಮೇಲೆ ಕೈ ಹಾಕಿದ್ದೇನೆ. ಆದರೆ ನೀವು ಹೆದರಿರಲಿಲ್ಲ. ಭಾನುವಾರ ನಮ್ಮ ಮನೆಯಲ್ಲಿ ‘ಓಡಿಸಿಕೊಂಡೇ ಬನ್ನಿ’ ಎಂದಿರಿ, ಮಂಗಳವಾರ ಕಚೇರಿಯಲ್ಲಿ ‘ಬೇಡ ಎಂದು ಹೇಳಿದ್ದೇನೆ’ ಎಂದು ಬರೆದಿಟ್ಟಿರಿ, ಶನಿವಾರ ನಮಗೆ ಕೈ ಬೀಸಿದಿರಿ. ನಾವು ಹೊರಡುವ ಮೊದಲೇ ಇಲ್ಲ ಎಂದು ಬರೆದಿಟ್ಟುಕೊಂಡು ನಗುನಗುತ್ತಾ ನಮ್ಮನ್ನು ಬರಮಾಡಿಕೊಂಡಿರಿ. ವ್ಯಾನು ಓಡಿದರೆ ನಿಮ್ಮ ಗೆಲುವು, ಹಿಡಿದರೆ ನಮ್ಮ ತಪ್ಪು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನ್ನಂಥವನು ನಿಮ್ಮ ಬಾಯಿಮಾತನ್ನು ಆದೇಶವೆಂದು ನಂಬುತ್ತಾನೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಬರೆಯದೆ ಹೇಳಿದಿರಿ, ಹೇಳದೆ ಬರೆದಿರಿ.

ಟಿಪ್ಪಣಿಯನ್ನು ಸರಸು ಎರಡು ಸಲ ಓದಿದಳು. ಕಾಗದ ಮಡಿಸಿಟ್ಟು ಹೇಳಿದಳು: ‘ನಾನು ಗೇಟಿನಲ್ಲಿ ತಡ ಮಾಡಿದ್ದಕ್ಕೇ ಹಿಡಿದ್ರು ಅಂದ್ಕೊಂಡಿದ್ದೆ. ನನ್ನ ಕಾಲಿನಿಂದ ಆಗಿದ್ದಲ್ಲ, ಅಲ್ವಾ?’ ಎಂಟು ತಿಂಗಳು ಅವಳು ಅದನ್ನು ಒಳಗೇ ಇಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದ ನನಗೇ ಗೊತ್ತಿರಲಿಲ್ಲ. ವ್ಯಾನು ಹೋದದ್ದಕ್ಕಿಂತ, ನೋಟುಪುಸ್ತಕ ಹೋದದ್ದಕ್ಕಿಂತ ನನಗೆ ಉರಿಯುವುದು ಇದು. ನೀವು ಆಡದ ಒಂದು ವಾಕ್ಯವನ್ನು ನನ್ನ ಹೆಂಡತಿ ತನ್ನ ಕಾಲಿನ ಮೇಲೆ ಹೊತ್ತುಕೊಂಡಳು.

ಇನ್ನೊಂದಿದೆ. ಡಿಸೆಂಬರಿನಲ್ಲಿ ಹರಿಣಿ ತನ್ನ ಕಾಲೇಜಿಗೆ ಬಂದ ನಿಮ್ಮ ಕೋಶದ ಹೊಳೆಯುವ ಕೈಪಿಡಿಯನ್ನು ತಂದು ತೋರಿಸಿದಳು. ‘ಅಂಕಲ್, ಯೇ ತೋ ನಮ್ಮದೇ ಟೇಬಲ್’ ಎಂದಳು. ಹೌದು, ನಮ್ಮದೇ. ಕೋಶವು ಸಂಶೋಧಿಸಿದ ಎಸಿ ಮೋಟಾರು ನಿಯಂತ್ರಣ ಎಂಬ ತಲೆಬರಹದ ಕೆಳಗೆ ನನ್ನ ಹದಿನಾಲ್ಕು ತಿಂಗಳ ಕೋಷ್ಟಕ. ಅಚ್ಚು ಹಾಕಿದವರು ಕನ್ನಡ ಬಲ್ಲವರಲ್ಲ ಎಂದು ಕಾಣುತ್ತದೆ. ಆರು ಪೆಟ್ಟಿನ ಸಾಲಿನ ಪಕ್ಕದ ‘ಸ’ವನ್ನು ಯಾವುದೋ ವಿದ್ಯುತ್ ಚಿಹ್ನೆಯೆಂದು ತಿಳಿದು ಹಾಗೇ ಇಳಿಸಿದ್ದಾರೆ. ಒಂದೂವರೆ ಸೆಕೆಂಡಿನ ತಡೆ ‘ಮಹಾನಗರದ ಸಂಚಾರಕ್ಕೆಂದು ವಿಶೇಷವಾಗಿ ರೂಪಿಸಿದ್ದು’ ಎಂದು ಅಡಿಟಿಪ್ಪಣಿ ಇದೆ. ಓದಿ ನಗು ಬಂತು, ಆಮೇಲೆ ನಗು ನಿಂತುಹೋಯಿತು. ದೇಶದ ಎಲ್ಲ ಕಾಲೇಜುಗಳಿಗೂ ನೀವು ನನ್ನ ಹೆಂಡತಿಯ ಮುರಿದ ಕಾಲನ್ನು ಹಂಚಿದ್ದೀರಿ, ಅವಳ ಹೆಸರಿಲ್ಲದೆ. ಕನ್ನಡ ಬಲ್ಲ ನೀವು ಆ ಪುಟ ನೋಡದೆ ಸಹಿ ಮಾಡಿದಿರಾ? ನೋಡಿಯೂ ಮಾಡಿದಿರಾ?

ಕಾನೂನು ತಪ್ಪು ಎಂದು ನಾನು ವಾದಿಸುತ್ತಿಲ್ಲ. ಮನೆಯಲ್ಲಿ ಮಾಡಿದ ಗಾಡಿಗಳೆಲ್ಲ ಪರೀಕ್ಷೆಯಿಲ್ಲದೆ ರಸ್ತೆಗಿಳಿದರೆ ಜನ ಸಾಯುತ್ತಾರೆ, ಅದು ನನಗೆ ಗೊತ್ತು. ಬ್ರೇಕು ಪರೀಕ್ಷಿಸಿ, ತಂತಿ ಪರೀಕ್ಷಿಸಿ, ಬೇಕಾದರೆ ನನ್ನನ್ನೇ ಪರೀಕ್ಷಿಸಿ. ನಾನು ಕೇಳಿದ್ದೇ ಆ ಪರೀಕ್ಷೆಯನ್ನು. ಪ್ರೋತ್ಸಾಹ ಎಂಬ ಬೋರ್ಡು ಹಾಕಿಕೊಂಡು ಜನರನ್ನು ಅಟ್ಟ ಹತ್ತಿಸಿ ಏಣಿ ತೆಗೆಯುವುದಕ್ಕೆ ಯಾವ ಕಾನೂನಿನಲ್ಲಿ ಕಲಮು ಇದೆ ಎಂದಷ್ಟೇ ನನ್ನ ಪ್ರಶ್ನೆ.

ಈಗ ನನ್ನ ಬೇಡಿಕೆ. ಪ್ರಶಸ್ತಿ ಬೇಡ, ಪರಿಹಾರ ಬೇಡ, ಕೈಪಿಡಿಯಲ್ಲಿ ನನ್ನ ಹೆಸರೂ ಬೇಡ. ಹರಿಣಿಯ ಹೆಸರು ಹಾಕಿದರೆ ಸಂತೋಷ, ಅವಳು ಕೆಲಸ ಹುಡುಕುತ್ತಿದ್ದಾಳೆ. ಫೆಬ್ರವರಿ ಇಪ್ಪತ್ತೆಂಟರ ಮೊದಲು ನೀವು, ವ್ಯಾನನ್ನು ಜಪ್ತಿ ಮಾಡಿದ ಕಚೇರಿಗೆ ಹೋಗಿ ಒಂದು ಸಾಲು ಬರೆದುಕೊಡಬೇಕು: ‘ಈ ವಾಹನವನ್ನು ಓಡಿಸಿಕೊಂಡು ಬರಲು ನಾನು ಹೇಳಿದ್ದೆ.’ ತಾರೀಕು, ಸಹಿ, ಮೊಹರು. ಅದನ್ನು ಇಂಗ್ಲಿಷಿನಲ್ಲಾದರೂ ಬರೆಯಿರಿ, ಹಿಂದಿಯಲ್ಲಾದರೂ ಬರೆಯಿರಿ. ಅದರ ಕನ್ನಡ ನಕಲು ಮಾತ್ರ ನಮ್ಮ ಮನೆಗೆ ಬರಬೇಕು, ಸರಸುವಿನ ಹೆಸರಿಗೆ. ವ್ಯಾನನ್ನು ನಾನು ಟ್ರಕ್ಕಿನ ಮೇಲೆ ಮನೆಗೆ ತರುತ್ತೇನೆ. ನೋಂದಣಿ ಆಗುವವರೆಗೆ ಅದು ಸೊಸೈಟಿಯ ಗೇಟು ದಾಟುವುದಿಲ್ಲ ಎಂದು ನಾನೂ ಬರೆದುಕೊಡುತ್ತೇನೆ. ಬರೆಯುವುದನ್ನು ಈಗ ಕಲಿತಿದ್ದೇನೆ.

ಮೊನ್ನೆ ಹರಾಜಿನ ನೋಟೀಸಿನ ಜೊತೆ ಒಂದು ಸೂಚನೆ ಬಂದಿದೆ, ವಾಹನದ ಕೀಲಿಕೈ ಮಾಲೀಕರ ಬಳಿ ಇದ್ದಲ್ಲಿ ಕೂಡಲೇ ಒಪ್ಪಿಸತಕ್ಕದ್ದು ಎಂದು. ಹನ್ನೊಂದು ತಿಂಗಳಲ್ಲಿ ಯಾರೋ ಮೊದಲ ಸಲ ಕೀಲಿ ಕೇಳಿದ್ದಾರೆ. ನಾನು ಅದನ್ನು ಸರಸುವಿಗೆ ಓದಿ ಹೇಳಿದೆ. ಕೀಲಿ ಅವಳ ಪರ್ಸಿನಲ್ಲಿ, ಲೈಸೆನ್ಸಿನ ಜೊತೆ ಇದೆ. ಅವಳು ಲೈಸೆನ್ಸನ್ನು ಮತ್ತೆ ಸೀರೆಗಳ ಕೆಳಗೆ ಇಟ್ಟಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಿದ್ದು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: ‘ಕೀಲಿ ಕೊಡಲ್ಲ ಅಂತ ಬರೀರಿ. ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸ್ಲಿ. ಅದು ನನಗಾಗಿ ಕಾಯುತ್ತೆ.’

ಇಂತಿ,
ಬಾಯಿಮಾತನ್ನು ಆದೇಶವೆಂದು ತಿಳಿದ ತಪ್ಪಿಗೆ ಈ ಪತ್ರ ಬರೆಯಬೇಕಾಗಿ ಬಂದ,
ಮಾಚಯ್ಯ, ನಿವೃತ್ತ ಸೂಬೇದಾರ
ದ್ವಾರಕಾ, 4 ಫೆಬ್ರವರಿ 2008